ಕೆನಡಿ, ಶೀತಲ ಸಮರ ಮತ್ತು ನಾಗರಿಕ ಹಕ್ಕು: ಅಡ್ಡಿಯೋ, ಒತ್ತಾಸೆಯೋ?

ಪ್ರಶ್ನೆ: ಎಂ.ಎ. ಇತಿಹಾಸ ಓದುತ್ತಿದ್ದೇನೆ. ಜಾನ್ ಎಫ್. ಕೆನಡಿ ಅಧ್ಯಕ್ಷರಾಗಿದ್ದ 1961–63ರ ಅವಧಿಯ ಬಗ್ಗೆ ಒಂದು ಪಠ್ಯದಲ್ಲಿ, ಬರ್ಲಿನ್ ಮತ್ತು ಕ್ಯೂಬಾದ ಬಿಕ್ಕಟ್ಟುಗಳಲ್ಲೇ ಅವರು ಮುಳುಗಿದ್ದರಿಂದ ದೇಶದೊಳಗಿನ ಸುಧಾರಣೆಗಳು ಹಿಂದೆ ಬಿದ್ದವು ಎಂದಿದೆ. ಇನ್ನೊಂದರಲ್ಲಿ, ಸೋವಿಯತ್ ಒಕ್ಕೂಟದ ಜೊತೆಗಿನ ಪೈಪೋಟಿಯಿಂದಲೇ ಅಮೆರಿಕದ ಕಪ್ಪು ಜನರಿಗೆ ಹಕ್ಕುಗಳು ಸಿಕ್ಕವು ಎಂದಿದೆ. ಎರಡೂ ಹೇಗೆ ಸರಿಯಾಗಲು ಸಾಧ್ಯ? ಉತ್ತರ ಬರೆಯುವಾಗ ಯಾವುದನ್ನು ಹಿಡಿಯಲಿ?

ಉತ್ತರ: ಎರಡೂ ಪಠ್ಯಗಳು ಎಡವುವುದು ಒಂದೇ ಜಾಗದಲ್ಲಿ. ಅಧ್ಯಕ್ಷರ ಗಮನ ಎತ್ತ ಇತ್ತು ಎಂಬುದನ್ನು ನೋಡುತ್ತವೆಯೇ ಹೊರತು, ಮಸೂದೆ ಯಾವ ಬಾಗಿಲ ಮುಂದೆ ನಿಂತಿತು, ಅದರ ಕೀಲಿ ಯಾರ ಕೈಯಲ್ಲಿತ್ತು ಎಂದು ಕೇಳುವುದಿಲ್ಲ. ದಿನಾಂಕಗಳನ್ನೂ ಮತಗಳ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ. ಶೀತಲ ಸಮರ ನಾಗರಿಕ ಹಕ್ಕುಗಳನ್ನು ತಂದುಕೊಡಲೂ ಇಲ್ಲ, ತಡೆದು ನಿಲ್ಲಿಸಲೂ ಇಲ್ಲ. ಅಧ್ಯಕ್ಷರು ತಮ್ಮ ಸಹಿಯೊಂದರಿಂದಲೇ ಮಾಡಬಹುದಾಗಿದ್ದ ಸಣ್ಣ ಕೆಲಸಗಳಿಗೆ ಅದು ಒತ್ತಾಸೆಯಾಯಿತು. ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಮೂರನೇ ಎರಡರಷ್ಟು ಮತ ಬೇಕಿದ್ದ ದೊಡ್ಡ ಕೆಲಸ ಶುರುವಾದದ್ದು ಪೈಪೋಟಿಯ ಬಿಸಿ ತುಸು ಇಳಿದಾಗ, ಬೀದಿಯ ಹೋರಾಟ ಏರಿದಾಗ. ನೀವು ಹಿಡಿಯಬೇಕಾದ ಎಳೆ ಇದು.

ಮೊದಲು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ ಲೆಕ್ಕ. 1960ರ ಚುನಾವಣೆಯಲ್ಲಿ ಚಲಾವಣೆಯಾದ ಸುಮಾರು 6 ಕೋಟಿ 88 ಲಕ್ಷ ಮತಗಳಲ್ಲಿ ಕೆನಡಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್ ಅವರಿಗಿಂತ ಮುಂದಿದ್ದದ್ದು 1 ಲಕ್ಷ 20 ಸಾವಿರಕ್ಕೂ ಕಡಿಮೆ ಮತಗಳಿಂದ. ಡೆಮಾಕ್ರಟಿಕ್ ಪಕ್ಷಕ್ಕೆ ಎರಡೂ ಸದನಗಳಲ್ಲಿ ಬಹುಮತವಿತ್ತು, ನಿಜ. ಆದರೆ ಆ ಬಹುಮತದೊಳಗೆ ದಕ್ಷಿಣದ ರಾಜ್ಯಗಳ ಡೆಮಾಕ್ರಟರಿದ್ದರು. ವರ್ಣಭೇದವನ್ನು ಉಳಿಸಿಕೊಳ್ಳುವುದೇ ಅವರ ರಾಜಕಾರಣದ ಬುನಾದಿ. ಸಮಿತಿಗಳ ಅಧ್ಯಕ್ಷಗಿರಿ ಹಿರಿತನದ ಮೇಲೆ ಸಿಗುತ್ತಿತ್ತು. ಒಂದೇ ಪಕ್ಷ ಗೆಲ್ಲುತ್ತಿದ್ದ ದಕ್ಷಿಣದಿಂದ ಬಂದವರು ಮತ್ತೆ ಮತ್ತೆ ಆರಿಸಿ ಬಂದು ಹಿರಿಯರಾಗುತ್ತಿದ್ದರು. ಹೀಗಾಗಿ ಸೆನೆಟ್‌ನ ನ್ಯಾಯಾಂಗ ಸಮಿತಿ ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್ ಕೈಯಲ್ಲಿ, ಹಣಕಾಸು ಸಮಿತಿ ವರ್ಜೀನಿಯಾದ ಹ್ಯಾರಿ ಬರ್ಡ್ ಕೈಯಲ್ಲಿ, ಸಶಸ್ತ್ರ ಪಡೆಗಳ ಸಮಿತಿ ಜಾರ್ಜಿಯಾದ ರಿಚರ್ಡ್ ರಸೆಲ್ ಕೈಯಲ್ಲಿ ಇದ್ದವು. ಕೆಳಸದನದಲ್ಲಿ ಯಾವ ಮಸೂದೆ ಯಾವಾಗ ಚರ್ಚೆಗೆ ಬರಬೇಕೆಂದು ತೀರ್ಮಾನಿಸುವ ರೂಲ್ಸ್ ಕಮಿಟಿಯ ಅಧ್ಯಕ್ಷರು ವರ್ಜೀನಿಯಾದ ಹೊವರ್ಡ್ ಸ್ಮಿತ್. ಮಸೂದೆ ಇಷ್ಟವಾಗದಿದ್ದರೆ ಸ್ಮಿತ್ ಸಭೆಯನ್ನೇ ಕರೆಯುತ್ತಿರಲಿಲ್ಲ.

ಕೆನಡಿಯ ಮೊದಲ ಸಂಸದೀಯ ಕಾಳಗ ನಡೆದದ್ದು ಇದೇ ಬಾಗಿಲಲ್ಲಿ. ರೂಲ್ಸ್ ಕಮಿಟಿಯ ಸದಸ್ಯರ ಸಂಖ್ಯೆಯನ್ನು 12ರಿಂದ 15ಕ್ಕೆ ಏರಿಸಿ ತಮ್ಮ ಕಡೆಯವರನ್ನು ಸೇರಿಸುವ ಪ್ರಸ್ತಾಪ 1961ರ ಜನವರಿ 31ರಂದು 217–212 ಮತಗಳಿಂದ ಗೆದ್ದಿತು. ಅಧಿಕಾರಕ್ಕೆ ಬಂದು ಹನ್ನೊಂದು ದಿನವಾಗಿತ್ತಷ್ಟೇ. ಸ್ಪೀಕರ್ ಸ್ಯಾಮ್ ರೇಬರ್ನ್ ತಮ್ಮ ಪೂರ್ತಿ ವರ್ಚಸ್ಸನ್ನು ಪಣಕ್ಕಿಟ್ಟರೂ ಸಿಕ್ಕ ಅಂತರ ಐದು ಮತ. ಮುಂದಿನ ಮೂರು ವರ್ಷದ ಸೋಲು ಗೆಲುವುಗಳೆಲ್ಲ ಈ ಐದು ಮತಗಳಲ್ಲಿ ಆಗಲೇ ಕಾಣುತ್ತವೆ. ನಿಮ್ಮ ಉತ್ತರವನ್ನು ಇಲ್ಲಿಂದಲೇ ಶುರು ಮಾಡಿ.

ಈಗ ಮೊದಲ ಪಠ್ಯದ ವಾದಕ್ಕೆ ಬರೋಣ. ಸೋತ ಮಸೂದೆಗಳನ್ನು ಒಂದೊಂದಾಗಿ ಬಿಚ್ಚಿದರೆ ಅವು ಬರ್ಲಿನ್‌ನಿಂದಾಗಿ ಸೋತವಲ್ಲ. ಶಾಲೆಗಳಿಗೆ ಕೇಂದ್ರದ ನೆರವು ಕೊಡುವ ಮಸೂದೆ 1961ರ ಜುಲೈನಲ್ಲಿ ಅದೇ ರೂಲ್ಸ್ ಕಮಿಟಿಯಲ್ಲಿ 8–7ರಿಂದ ಬಿತ್ತು. ಕ್ಯಾಥೊಲಿಕ್ ಶಾಲೆಗಳಿಗೂ ಪಾಲು ಬೇಕೆಂದ ನ್ಯೂಯಾರ್ಕಿನ ಡೆಮಾಕ್ರಟ್ ಜೇಮ್ಸ್ ಡೆಲಾನಿ ವಿರೋಧಿಗಳ ಜೊತೆ ಸೇರಿದ್ದೇ ಕಾರಣ. ಸ್ವತಃ ಕ್ಯಾಥೊಲಿಕ್ ಆಗಿದ್ದ ಕೆನಡಿ ಚರ್ಚನ್ನೂ ಸರ್ಕಾರವನ್ನೂ ಬೇರೆ ಇಡುವುದಾಗಿ ಚುನಾವಣೆಯಲ್ಲಿ ಕೊಟ್ಟಿದ್ದ ಮಾತಿನಿಂದಾಗಿ ಆ ಪಾಲನ್ನು ಒಪ್ಪುವಂತಿರಲಿಲ್ಲ. ವೃದ್ಧರಿಗೆ ಆಸ್ಪತ್ರೆ ವೆಚ್ಚದ ವಿಮೆ, ಅಂದರೆ ಮುಂದೆ ಮೆಡಿಕೇರ್ ಆದದ್ದು, 1962ರ ಜುಲೈ 17ರಂದು ಸೆನೆಟ್‌ನಲ್ಲಿ 52–48ರಿಂದ ಸೋತಿತು. ಎದುರಿದ್ದವರು ವೈದ್ಯರ ಸಂಘ, ರಿಪಬ್ಲಿಕನ್ನರು ಮತ್ತು ದಕ್ಷಿಣದ ಡೆಮಾಕ್ರಟರು. ನಗರಾಭಿವೃದ್ಧಿಗೆ ಪ್ರತ್ಯೇಕ ಇಲಾಖೆ ತೆರೆದು ಅದಕ್ಕೆ ರಾಬರ್ಟ್ ವೀವರ್ ಅವರನ್ನು ಕಾರ್ಯದರ್ಶಿ (ನಮ್ಮಲ್ಲಿ ಸಚಿವರಿದ್ದಂತೆ) ಮಾಡುವುದಾಗಿ ಕೆನಡಿ ಹೇಳಿದ್ದರು. ವೀವರ್ ಕಪ್ಪು ಜನಾಂಗದವರು. 1962ರ ಫೆಬ್ರುವರಿಯಲ್ಲಿ ಕೆಳಸದನ ಆ ಯೋಜನೆಯನ್ನು 264–150ರಿಂದ ತಳ್ಳಿಹಾಕಿತು. ಈ ಮೂರಕ್ಕೂ ಸೋವಿಯತ್ ನಾಯಕ ಕ್ರುಶ್ಚೇವ್‌ಗೂ ಸಂಬಂಧವಿಲ್ಲ.

ಹಾದುಹೋದವೂ ಇವೆ. ಗಂಟೆಗೆ 1 ಡಾಲರ್ ಇದ್ದ ಕನಿಷ್ಠ ಕೂಲಿ ಎರಡು ಹಂತಗಳಲ್ಲಿ 1.25 ಡಾಲರ್ ಆಯಿತು. ಹಿಂದುಳಿದ ಪ್ರದೇಶಗಳ ಪುನರುಜ್ಜೀವನದ ಕಾಯ್ದೆ, ವಸತಿ ಕಾಯ್ದೆ, 1962ರ ಕೌಶಲ ತರಬೇತಿ ಕಾಯ್ದೆ ಬಂದವು. ಇವುಗಳಲ್ಲಿ ದಕ್ಷಿಣದವರಿಗೂ ಪಾಲಿತ್ತು, ಜನಾಂಗದ ಪ್ರಶ್ನೆ ನೇರವಾಗಿ ಏಳುತ್ತಿರಲಿಲ್ಲ.

ರಕ್ಷಣೆಯ ಮುದ್ರೆ ಬಿದ್ದ ಯೋಜನೆಗಳ ಗತಿಯೇ ಬೇರೆ. 1961ರ ಏಪ್ರಿಲ್ 12ರಂದು ಸೋವಿಯತ್ ಗಗನಯಾತ್ರಿ ಗಗಾರಿನ್ ಭೂಮಿಯನ್ನು ಸುತ್ತಿಬಂದರು. ಐದು ದಿನಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟಿದ್ದ ಸುಮಾರು 1,400 ಕ್ಯೂಬನ್ ದೇಶಭ್ರಷ್ಟರು ಕ್ಯೂಬಾ ತೀರದ ಬೇ ಆಫ್ ಪಿಗ್ಸ್‌ನಲ್ಲಿ ಇಳಿದು ಸೋತರು. ಮೇ 25ರಂದು ಕೆನಡಿ ಚಂದ್ರಯಾನದ ಗುರಿಯನ್ನು ಘೋಷಿಸಿ, ಮುಂದಿನ ಐದು ವರ್ಷಗಳಿಗೆ 700ರಿಂದ 900 ಕೋಟಿ ಡಾಲರ್ ಹೆಚ್ಚುವರಿ ವೆಚ್ಚವಾಗಬಹುದೆಂದು ಹೇಳಿದಾಗ ಕಾಂಗ್ರೆಸ್ ಹೆಚ್ಚು ತಕರಾರಿಲ್ಲದೆ ಒಪ್ಪಿತು. ಜೂನ್ 3–4ರ ವಿಯೆನ್ನಾ ಭೇಟಿಯಲ್ಲಿ ಬರ್ಲಿನ್ ಬಗ್ಗೆ ಕ್ರುಶ್ಚೇವ್ ಗಡುವು ಹಾಕಿದ ಮೇಲೆ, ಜುಲೈ 25ರಂದು ಕೆನಡಿ ಸೈನ್ಯಕ್ಕೆ ಇನ್ನೂ ಸುಮಾರು 325 ಕೋಟಿ ಡಾಲರ್ ಕೇಳಿದರು. ಕೆಲವೇ ದಿನಗಳಲ್ಲಿ ಅನುಮತಿ ಸಿಕ್ಕಿತು. ಶಾಲಾ ನೆರವಿನ ಮಸೂದೆ ಸತ್ತ ಅದೇ 1961ರಲ್ಲಿ, ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಕೊಟ್ಟ ಆಘಾತದ ನಂತರ 1958ರಲ್ಲಿ ಬಂದಿದ್ದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಎರಡೂ ಶಿಕ್ಷಣಕ್ಕೆ ಹಣ ಕೊಡುವ ಕಾಯ್ದೆಗಳೇ. ಒಂದರ ಹೆಸರಲ್ಲಿ ರಕ್ಷಣೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೂರನೇ ಜಗತ್ತಿನಲ್ಲಿ ಸೋವಿಯತ್ ಪ್ರಭಾವಕ್ಕೆ ಎದುರಾಗಿ ಹುಟ್ಟಿದ, ಅಮೆರಿಕದ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಪೀಸ್ ಕೋರ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಅದರ ಸ್ವಯಂಸೇವಕರು ಆ ದಶಕದಲ್ಲಿ ನಮ್ಮ ಆಗಿನ ಮೈಸೂರು ರಾಜ್ಯಕ್ಕೂ ಬಂದಿದ್ದರು.

ಹಾಗಾದರೆ ಪೈಪೋಟಿ ಅಡ್ಡಿಯಾದದ್ದೇ ಇಲ್ಲವೇ? ಆಯಿತು, ಆದರೆ ಬೇರೆ ದಾರಿಯಲ್ಲಿ. ರಕ್ಷಣಾ ವೆಚ್ಚಕ್ಕೂ ವಿದೇಶಿ ನೆರವಿಗೂ ಕೆನಡಿಗೆ ಬೇಕಾಗಿದ್ದದ್ದು ರಸೆಲ್‌ರಂಥ ಅದೇ ದಕ್ಷಿಣದ ಸಮಿತಿ ಅಧ್ಯಕ್ಷರ ಸಹಕಾರ. ಅವರನ್ನು ಕೆಣಕಬಾರದೆಂದು 1961–62ರಲ್ಲಿ ನಾಗರಿಕ ಹಕ್ಕುಗಳ ದೊಡ್ಡ ಮಸೂದೆಯನ್ನೇ ಕೆನಡಿ ಕಳಿಸಲಿಲ್ಲ. 1961ರ ಮೇನಲ್ಲಿ ಫ್ರೀಡಂ ರೈಡರ್ಸ್, ಅಂದರೆ ಅಂತರರಾಜ್ಯ ಬಸ್ಸುಗಳಲ್ಲಿ ಕಪ್ಪು ಮತ್ತು ಬಿಳಿ ಜನ ಒಟ್ಟಿಗೆ ಕೂತು ದಕ್ಷಿಣಕ್ಕೆ ಹೊರಟ ಸತ್ಯಾಗ್ರಹಿಗಳು, ಅಲಬಾಮಾದಲ್ಲಿ ಏಟು ತಿಂದರು. ಮೇ 14ರಂದು ಆನಿಸ್ಟನ್ ಬಳಿ ಅವರ ಬಸ್ಸಿಗೆ ಬೆಂಕಿ ಬಿತ್ತು. ವಿಯೆನ್ನಾ ಸಭೆಗೆ ಮೂರೇ ವಾರ ಉಳಿದಿತ್ತು. ಶ್ವೇತಭವನಕ್ಕೆ ಮೊದಲು ಕಂಡದ್ದು ದೇಶದ ಮಾನ ಹೋಗುತ್ತದೆ ಎಂಬ ಕಿರಿಕಿರಿ. ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಹೋರಾಟಗಾರರನ್ನೇ ಸ್ವಲ್ಪ ಕಾಲ ಸುಮ್ಮನಿರಿ ಎಂದು ಕೇಳಿದರು. ಅವರು ಸುಮ್ಮನಿರಲಿಲ್ಲ. ಆಮೇಲೆ ಸರ್ಕಾರ ಹಿಡಿದ ದಾರಿಯನ್ನು ಗಮನಿಸಿ. ಕಾಂಗ್ರೆಸ್ಸಿನ ಕಡೆ ತಲೆಯೂ ಹಾಕದೆ, ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಅರ್ಜಿ ಹಾಕಿತು. ಆಯೋಗ ಸೆಪ್ಟೆಂಬರ್ 22ರಂದು ನಿಯಮ ಹೊರಡಿಸಿತು, ನವೆಂಬರ್ 1ರಿಂದ ಅಂತರರಾಜ್ಯ ಬಸ್ಸುಗಳಲ್ಲೂ ನಿಲ್ದಾಣಗಳಲ್ಲೂ ಬೇರ್ಪಡಿಕೆ ಕಾನೂನುಬಾಹಿರವಾಯಿತು.

ವಿದೇಶಾಂಗ ಕಾರಣ ಎಷ್ಟು ದೂರ ಒಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ರೂಟ್ 40ರ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅವುಗಳ ರಾಯಭಾರಿಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಗೂ ವಾಷಿಂಗ್ಟನ್ನಿಗೂ ಕಾರಿನಲ್ಲಿ ಓಡಾಡುವಾಗ ಮೇರಿಲ್ಯಾಂಡಿನಲ್ಲಿ ಹಾಯುವ ಈ ಹೆದ್ದಾರಿಯ ಹೋಟೆಲುಗಳು ಅವರಿಗೆ ಕಾಫಿ ಕೊಡಲೂ ಒಪ್ಪುತ್ತಿರಲಿಲ್ಲ. 1961ರಲ್ಲಿ ಚಾಡ್ ದೇಶದ ರಾಯಭಾರಿ ಮಾಲಿಕ್ ಸೋ ಅವರಿಗೆ ಆದ ಅವಮಾನ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ವಿದೇಶಾಂಗ ಇಲಾಖೆ ಪೆಡ್ರೊ ಸಾನ್‌ಹ್ವಾನ್ ಅವರ ಕೆಳಗೆ ಒಂದು ವಿಭಾಗವನ್ನೇ ತೆರೆದು ಹೋಟೆಲ್ ಮಾಲೀಕರ ಮನವೊಲಿಸಲು ಹೊರಟಿತು. ಆಗಸ್ಟಿನಲ್ಲಿ ಬಾಲ್ಟಿಮೋರ್‌ನ ಆಫ್ರೋ-ಅಮೆರಿಕನ್ ಪತ್ರಿಕೆಯ ಮೂವರು ಕಪ್ಪು ವರದಿಗಾರರು ಇಲ್ಲದ ದೇಶವೊಂದರ ಹೆಸರು ಹೇಳಿ, ಅಲ್ಲಿನ ಪ್ರತಿನಿಧಿಗಳಂತೆ ವೇಷ ಹಾಕಿಕೊಂಡು ಹೋದರು. ಅವರಿಗೆ ಕೆಲವೆಡೆ ಊಟ ಸಿಕ್ಕಿತು! ಅದೇ ಮೇಜಿನಲ್ಲಿ ಅಮೆರಿಕದ ಕಪ್ಪು ಪ್ರಜೆಗೆ ನೀರೂ ಸಿಗುತ್ತಿರಲಿಲ್ಲ. ರಾಯಭಾರಿಗೆ ಮರ್ಯಾದೆ, ಪ್ರಜೆಗೆ ಇಲ್ಲ: ಶೀತಲ ಸಮರದ ತರ್ಕವನ್ನು ಅದರ ಪಾಡಿಗೆ ಬಿಟ್ಟರೆ ನಿಲ್ಲುವುದು ಇಲ್ಲಿ. ಅದನ್ನು ದಾಟಿಸಿದವರು ಹೆದ್ದಾರಿಯಲ್ಲಿ ಧರಣಿ ಕೂತ ಸಾಮಾನ್ಯರು. ಮೇರಿಲ್ಯಾಂಡ್ 1963ರಲ್ಲಿ ಇಂಥ ಭೇದಭಾವ ನಿಷೇಧಿಸುವ ಕಾನೂನು ಮಾಡಿತು. ಅದರಲ್ಲೂ ಕೆಲವು ಕೌಂಟಿಗಳು (ಜಿಲ್ಲೆಗಳು) ಹೊರಗುಳಿದವು.

1962ರ ಶರತ್ಕಾಲದಲ್ಲಿ ಎರಡೂ ಎಳೆಗಳು ಸಿಕ್ಕುಬಿದ್ದ ರೀತಿ ನೋಡಿ. ಸೆಪ್ಟೆಂಬರ್ 30ರ ರಾತ್ರಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರಿಸುವಾಗ ಗಲಭೆಯಾಗಿ ಇಬ್ಬರು ಸತ್ತರು, ಸೈನ್ಯ ಬರಬೇಕಾಯಿತು. ಎರಡು ವಾರಕ್ಕೆ, ಅಕ್ಟೋಬರ್ 14ರಂದು, ಅಮೆರಿಕದ ಬೇಹು ವಿಮಾನ ಯು-2 ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿ ನೆಲೆಗಳ ಚಿತ್ರ ತೆಗೆಯಿತು. ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿ ದಾಟಿತು. ಕ್ಯೂಬಾ ಸುತ್ತಲ ನೌಕಾ ತಡೆ ಜಾರಿಯಾದದ್ದು ನಾಲ್ಕು ದಿನಗಳ ನಂತರ. ಈ ಹೊತ್ತಿನಲ್ಲಿ ದೇಶದೊಳಗಿನ ಸುಧಾರಣೆಗೆ ಜಾಗವಿರಲಿಲ್ಲ ಎನ್ನುವುದು ಒಪ್ಪತಕ್ಕ ಮಾತು. ಆದರೆ ನವೆಂಬರ್ 20ರ ಪತ್ರಿಕಾಗೋಷ್ಠಿಯನ್ನು ಬಿಡಬೇಡಿ. ಸೋವಿಯತ್ ಬಾಂಬರ್‌ಗಳು ಕ್ಯೂಬಾದಿಂದ ಹೊರಡುತ್ತವೆ, ನೌಕಾ ತಡೆ ತೆರವಾಗುತ್ತದೆ ಎಂದು ಸಾರಿದ ಅದೇ ಗೋಷ್ಠಿಯಲ್ಲಿ ಕೆನಡಿ ಕೇಂದ್ರದ ನೆರವಿನ ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾರ್ಯಾಂಗದ ಆದೇಶ 11063ಕ್ಕೆ ಸಹಿ ಹಾಕಿದ್ದನ್ನೂ ತಿಳಿಸಿದರು. ಪೆನ್ನಿನ ಒಂದು ಗೀಟಿನಿಂದ ಮಾಡಬಹುದಾದ ಕೆಲಸ ಎಂದು 1960ರಲ್ಲಿ ಹೇಳಿದ್ದವರು ಅವರೇ. ತಡವಾದಾಗ ಜನ ಶ್ವೇತಭವನಕ್ಕೆ ಪೆನ್ನುಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಅಧ್ಯಕ್ಷರ ಅವಧಿಯ ನಡುವೆ ಬರುವ ಕಾಂಗ್ರೆಸ್ ಚುನಾವಣೆ ಮುಗಿದ ಮೇಲೆ, ಕ್ಯೂಬಾದ ಸುದ್ದಿಯ ನೆರಳಲ್ಲಿ ಅದು ಹೊರಬಂತು. ಮುಖ್ಯವಾಗಿ ಮುಂದೆ ಕಟ್ಟುವ, ಕೇಂದ್ರದ ವಿಮೆಯಿರುವ ಮನೆಗಳಿಗಷ್ಟೇ ಅದು ಅನ್ವಯ. ಬ್ಯಾಂಕಿನ ಸಾಮಾನ್ಯ ಸಾಲದ ಮನೆಗಳು ಹೊರಗೇ ಉಳಿದವು.

ಇನ್ನು 1963. ಇದರ ಮೇಲೆ ನಿಮ್ಮ ಉತ್ತರದ ಅರ್ಧಭಾಗ ನಿಲ್ಲಬೇಕು. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಫ್ರೆಡ್ ಶಟಲ್ಸ್‌ವರ್ತ್ ಅವರ ಚಳವಳಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾಯಿತು. ಮೇ 2ರಂದು ಶಾಲಾ ಮಕ್ಕಳು ಬೀದಿಗಿಳಿದರು, ಮರುದಿನ ಅವರ ಮೇಲೆ ಪೊಲೀಸ್ ನಾಯಿಗಳನ್ನೂ ಅಗ್ನಿಶಾಮಕ ಕೊಳವೆಗಳನ್ನೂ ಬಿಡಲಾಯಿತು. ಆ ಚಿತ್ರಗಳು ಮಾಸ್ಕೋ ರೇಡಿಯೊಗೆ ಸರಕಾದವು. ಮೇ ಕೊನೆಯಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ನಾಯಕರು ಸೇರಿದಾಗ ಉಗಾಂಡಾದ ಮಿಲ್ಟನ್ ಒಬೋಟೆ ಕೆನಡಿಗೆ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಎರಡನೇ ಪಠ್ಯದ ಬಲ ಇರುವುದು ಇಲ್ಲೇ. ಆದರೆ ಶ್ವೇತಭವನವನ್ನು ಅಲುಗಿಸಿದ್ದು ಪರದೇಶದ ಟೀಕೆಯೊಂದೇ ಅಲ್ಲ. ಚಳವಳಿ ಊರಿಂದೂರಿಗೆ ಹಬ್ಬುತ್ತಿತ್ತು; ಪ್ರತಿ ಊರಿಗೂ ಸೈನ್ಯ ಕಳಿಸುತ್ತಾ ಹೋಗಲಾಗದು, ಕಾನೂನೇ ಬೇಕು ಎಂಬ ತೀರ್ಮಾನಕ್ಕೆ ಆಡಳಿತ ಬಂದಿತ್ತು.

ಜೂನ್ 10ರಂದು ಕೆನಡಿ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಸೋವಿಯತ್ ಜನರನ್ನು ಮನುಷ್ಯರಂತೆ ಕಂಡು, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸುವ ಮಾತುಕತೆಯನ್ನು ಘೋಷಿಸಿದರು. ಅದೇ ದಿನ ಹೆಂಗಸರಿಗೆ ಸಮಾನ ವೇತನದ ಕಾಯ್ದೆಗೆ ಸಹಿ ಬಿತ್ತು. ಜೂನ್ 11ರಂದು ಗವರ್ನರ್ ಜಾರ್ಜ್ ವ್ಯಾಲೇಸ್ ಕಪ್ಪು ವಿದ್ಯಾರ್ಥಿಗಳು ಸೇರದಂತೆ ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತು ಕೊನೆಗೆ ಸರಿದರು. ರಾತ್ರಿ ಕೆನಡಿ ಟಿವಿಯಲ್ಲಿ ನಾಗರಿಕ ಹಕ್ಕುಗಳ ಮಸೂದೆ ತರುವುದಾಗಿ ಹೇಳಿದರು. ಕೆಲವೇ ಗಂಟೆಗಳಲ್ಲಿ, ಮಧ್ಯರಾತ್ರಿ ದಾಟಿದ ಮೇಲೆ, ಮಿಸಿಸಿಪ್ಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆಯ ಮುಂದೆ ಗುಂಡಿಕ್ಕಿ ಕೊಂದರು. ಜೂನ್ 12ರಂದೇ ಕೆಳಸದನದಲ್ಲಿ ಬೆಲೆ ತೆರಬೇಕಾಯಿತು: ಹಿಂದುಳಿದ ಪ್ರದೇಶಗಳ ಯೋಜನೆಗೆ ಹಣ ಹೆಚ್ಚಿಸುವ ಮಸೂದೆ 209–204ರಿಂದ ಸೋತಿತು. ಹಿಂದೆ ಅದನ್ನು ಬೆಂಬಲಿಸಿದ್ದ ದಕ್ಷಿಣದವರು ತಿರುಗಿಬಿದ್ದಿದ್ದರು. 1961ರಿಂದ ಕೆನಡಿ ಅಂಜುತ್ತಿದ್ದದ್ದು ಇದಕ್ಕೇ. ಅಂಜಿಕೆ ಸುಳ್ಳಾಗಿರಲಿಲ್ಲ, ಆದರೂ ಆ ಹೊತ್ತಿಗೆ ಅವರು ಹಿಂದೆ ಸರಿಯಲಿಲ್ಲ ಎಂಬುದು ಅವರಿಗೆ ಸಲ್ಲಬೇಕಾದ ಗೌರವ.

ಜೂನ್ 19ರಂದು ಹೋದ ಮಸೂದೆಯಲ್ಲಿ ಒಂದು ಜಾಣ ಕುಶಲತೆ ಇತ್ತು. ಹೋಟೆಲು, ಸಿನಿಮಾ ಮಂದಿರಗಳಲ್ಲಿ ಭೇದಭಾವ ನಿಷೇಧಿಸುವ ಭಾಗವನ್ನು ಬಹುಮಟ್ಟಿಗೆ ಸಂವಿಧಾನದ ಅಂತರರಾಜ್ಯ ವಾಣಿಜ್ಯದ ಅಧಿಕಾರದ ಮೇಲೆ ನಿಲ್ಲಿಸಿದರು. ಹಾಗೆ ಮಾಡಿದ್ದರಿಂದ ಆ ಭಾಗದ ವಿಚಾರಣೆ ಈಸ್ಟ್‌ಲ್ಯಾಂಡ್‌ರ ಸಮಿತಿಯ ಕೈ ತಪ್ಪಿ, ವಾಷಿಂಗ್ಟನ್ ರಾಜ್ಯದ ವಾರೆನ್ ಮ್ಯಾಗ್ನುಸನ್ ಅಧ್ಯಕ್ಷತೆಯ ವಾಣಿಜ್ಯ ಸಮಿತಿಯಲ್ಲಿ ನಡೆಯಲು ಸಾಧ್ಯವಾಯಿತು. ಜುಲೈ 10ರಂದು ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಅಲ್ಲಿಯೇ ಸಾಕ್ಷ್ಯ ನುಡಿದರು. ವಿದೇಶಾಂಗ ಕಾರ್ಯದರ್ಶಿ ದೇಶದೊಳಗಿನ ಕಾನೂನಿಗೆ ಸಾಕ್ಷಿಯಾಗುವುದೇ ಅಪರೂಪ. ಕಮ್ಯುನಿಸ್ಟರ ಪ್ರಚಾರಕ್ಕೆ ಹೆದರಿ ಈ ಕಾನೂನು ಮಾಡಬೇಕೇ ಎಂಬ ಧಾಟಿಯಲ್ಲಿ ದಕ್ಷಿಣ ಕೆರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಸವಾಲೆಸೆದಾಗ, ಮೊದಲ ಕಾರಣ ಇದು ನ್ಯಾಯವೆಂಬುದೇ ಎಂದು ರಸ್ಕ್ ನಿಲುವು ತಳೆದರು.

ಈಗ ಎರಡು ಮತದಾನಗಳನ್ನು ಎದುರುಬದುರು ಇಡಿ. ವಾತಾವರಣ, ಬಾಹ್ಯಾಕಾಶ ಮತ್ತು ನೀರಿನಡಿ ಪರೀಕ್ಷೆಗಳನ್ನು ನಿಷೇಧಿಸಿದ ಒಪ್ಪಂದಕ್ಕೆ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾಯಿತು. ಒಪ್ಪಂದ ಊರ್ಜಿತವಾಗಲು ಸೆನೆಟ್‌ನ ಮೂರನೇ ಎರಡು ಬೇಕು. ಸೆಪ್ಟೆಂಬರ್ 24ರಂದು 80–19 ಬಂತು: ಡೆಮಾಕ್ರಟರು 55, ರಿಪಬ್ಲಿಕನ್ನರು 25. ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ದಕ್ಷಿಣದವರು ನಡೆಸಿದ ಮುಗಿಯದ ಭಾಷಣ, ಅಂದರೆ ಫಿಲಿಬಸ್ಟರ್ ನಿಲ್ಲಿಸಲೂ ಆಗ ಮೂರನೇ ಎರಡೇ ಬೇಕಿತ್ತು. 1964ರ ಜೂನ್ 10ರಂದು 71–29 ಬಂತು: ಡೆಮಾಕ್ರಟರು 44, ರಿಪಬ್ಲಿಕನ್ನರು 27. ಮಿದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಬಂದು, ಕಣ್ಣಿನತ್ತ ಕೈ ತೋರಿಸಿ ಹೌದೆಂದರು. ಎರಡೂ ಸಲ ಎದುರಾಳಿಗಳಲ್ಲಿ ರಸೆಲ್, ಥರ್ಮಂಡ್, ಮಿಸಿಸಿಪ್ಪಿಯ ಜಾನ್ ಸ್ಟೆನಿಸ್ ಇದ್ದರು. ಎರಡೂ ಸಲ ಕೀಲಿ ಇದ್ದದ್ದು ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ ಕೈಯಲ್ಲಿ. ಒಪ್ಪಂದಕ್ಕೆ ಅವರ ಬೆಂಬಲ ಸಿಕ್ಕದ್ದು ನೆಲದಡಿಯ ಪರೀಕ್ಷೆಗಳು ಮುಂದುವರಿಯುತ್ತವೆ ಎಂಬಂಥ ಭರವಸೆಗಳನ್ನು ಕೆನಡಿ ಬರೆದುಕೊಟ್ಟ ಮೇಲೆ. ಮಸೂದೆಗೆ ಸಿಕ್ಕದ್ದು ಅದರ ಜಾರಿಯ ವಿಧಾನದಲ್ಲಿ ಅವರ ತಿದ್ದುಪಡಿಗಳನ್ನು ಒಪ್ಪಿದ ಮೇಲೆ. ಹೊರಗಿನ ರಾಜಿಗೂ ಒಳಗಿನ ಸುಧಾರಣೆಗೂ ನಂಟು ಹುಡುಕುವವರು ಪ್ರಚಾರಯುದ್ಧದಲ್ಲಷ್ಟೇ ಹುಡುಕುತ್ತಾರೆ. ನನ್ನ ಮಟ್ಟಿಗೆ ಗಟ್ಟಿ ನಂಟು ನೂರು ಸದಸ್ಯರ ಸೆನೆಟ್‌ನ ಈ 67 ಮತಗಳ ಲೆಕ್ಕದಲ್ಲಿದೆ: ಎರಡಕ್ಕೂ ದಕ್ಷಿಣವನ್ನು ಬಿಟ್ಟು ರಿಪಬ್ಲಿಕನ್ನರನ್ನು ಕೂಡಿಸಿಕೊಳ್ಳುವ ಒಂದೇ ದಾರಿ ಇತ್ತು.

ಕೆನಡಿ ಹತ್ಯೆಯಾದ ನವೆಂಬರ್ 22ರಂದು ಮಸೂದೆ ಇನ್ನೂ ಸ್ಮಿತ್‌ರ ರೂಲ್ಸ್ ಕಮಿಟಿಯ ಹೊಸ್ತಿಲಲ್ಲಿತ್ತು. ಅದನ್ನು 1964ರ ಜುಲೈ 2ರಂದು ಕಾಯ್ದೆಯಾಗಿಸಿದ್ದು ಕೆನಡಿ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್. ಕೆನಡಿ 1963ರ ಜನವರಿಯಲ್ಲೇ ಕೇಳಿದ್ದ ತೆರಿಗೆ ಕಡಿತವೂ ಜಾನ್ಸನ್ ಅವಧಿಯಲ್ಲೇ, ಬಜೆಟ್ಟನ್ನು 10,000 ಕೋಟಿ ಡಾಲರ್‌ಗಿಂತ ಕೆಳಗಿಳಿಸಿ ಹ್ಯಾರಿ ಬರ್ಡ್ ಅವರನ್ನು ಸಮಾಧಾನಪಡಿಸಿದ ಮೇಲೆ ಬಂತು. ಆದಾಯ ತೆರಿಗೆಯ ಅತ್ಯುನ್ನತ ದರ ಶೇ 91ರಿಂದ 70ಕ್ಕೆ, ಅತಿ ಕಡಿಮೆ ದರ ಶೇ 20ರಿಂದ 14ಕ್ಕೆ ಇಳಿಯಿತು. ಯುದ್ಧ ಸುಧಾರಣೆಯ ಹಣವನ್ನು ನುಂಗಿತು ಎಂಬ ವಾದ ನಿಮಗೆ ಬೇಕಿದ್ದರೆ ಅದನ್ನು ಜಾನ್ಸನ್ ಅವಧಿಗೆ ಇಟ್ಟುಕೊಳ್ಳಿ: ವಿಯೆಟ್ನಾಂ ವೆಚ್ಚದಿಂದ 1968ರಲ್ಲಿ ಶೇ 10ರ ಸರ್ಚಾರ್ಜ್ (ತೆರಿಗೆಯ ಮೇಲಿನ ತೆರಿಗೆ) ಹಾಕುವಾಗ ಕಾಂಗ್ರೆಸ್ 600 ಕೋಟಿ ಡಾಲರ್ ಖರ್ಚು ಕಡಿತದ ಷರತ್ತನ್ನೂ ಹೇರಿತು. ಮೊದಲ ಪಠ್ಯ ಈ ಕಥೆಯನ್ನು ಐದು ವರ್ಷ ಹಿಂದಕ್ಕೆ ಸರಿಸಿದಂತಿದೆ.

ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು: ಕಾರ್ಯಾಂಗದ ಆದೇಶವನ್ನೂ ಕಾಯ್ದೆಯನ್ನೂ ಒಂದೇ ಎಂದು ಬರೆಯುವುದು, 1963ರ ಒಪ್ಪಂದ ಎಲ್ಲ ಪರೀಕ್ಷೆಗಳನ್ನೂ ನಿಷೇಧಿಸಿತು ಎನ್ನುವುದು, ಆ ವರ್ಷ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ಬಂದ ಹಾಟ್‌ಲೈನ್ ಕೆಂಪು ಟೆಲಿಫೋನ್ ಎನ್ನುವುದು. ಅದು ಟೆಲಿಪ್ರಿಂಟರ್ ಸಂಪರ್ಕ. ಪ್ರತಿ ಮಸೂದೆಯ ಎದುರಿಗೆ ಅದು ಯಾವ ಸಮಿತಿಗೆ ಹೋಯಿತು, ಎಷ್ಟು ಮತ ಬೇಕಿತ್ತು, ಆ ತಿಂಗಳು ಹೊರಗೆ ಯಾವ ಬಿಕ್ಕಟ್ಟಿತ್ತು ಎಂದು ಮೂರು ಕಲಂ ಹಾಕಿಕೊಳ್ಳಿ.

ಕೊನೆಗೆ ಜೂನ್ 11ರ ಭಾಷಣದ ಪಠ್ಯವನ್ನು ಪೂರ್ತಿ ಓದಿ, ಪೆನ್ಸಿಲ್ ಹಿಡಿದು ಗುರುತು ಹಾಕಿ. ಜಗತ್ತಿಗೆಲ್ಲ ಸ್ವಾತಂತ್ರ್ಯ ಬೋಧಿಸುತ್ತೇವೆ ಎಂಬ ಮಾತು, ವಿಯೆಟ್ನಾಂಗೂ ಪಶ್ಚಿಮ ಬರ್ಲಿನ್‌ಗೂ ಸೈನಿಕರನ್ನು ಕಳಿಸುವಾಗ ಬಿಳಿಯರನ್ನಷ್ಟೇ ಕರೆಯುವುದಿಲ್ಲ ಎಂಬ ಮಾತು ಅಲ್ಲಿವೆ. ಆದರೆ ಅವು ಕೆಲವೇ ವಾಕ್ಯ. ಹೆಚ್ಚಿನ ಭಾಗ ಅಮೆರಿಕದೊಳಗಿನ ಲೆಕ್ಕ: ಒಂದೇ ಊರಲ್ಲಿ, ಒಂದೇ ದಿನ ಹುಟ್ಟಿದ ಬಿಳಿಯ ಮಗುವಿಗೆ ಹೋಲಿಸಿದರೆ ಕಪ್ಪು ಮಗುವಿಗೆ ಹೈಸ್ಕೂಲು ಮುಗಿಸುವ ಅವಕಾಶ ಸುಮಾರು ಅರ್ಧ, ಕಾಲೇಜು ಮುಗಿಸುವ ಅವಕಾಶ ಮೂರನೇ ಒಂದು, ನಿರುದ್ಯೋಗದ ಸಂಭವ ಎರಡು ಪಟ್ಟು, ಆಯಸ್ಸು ಏಳು ವರ್ಷ ಕಡಿಮೆ.